ಇಂದು ಪುಣೆಯಲ್ಲಿ

ಕೊಂಢವಾ, ಪುಣೆ
೩ ಫೆಬ್ರವರಿ ೨೦೨೫

ಬಸವಲಿಂಗ,

ಕ್ಷೇಮ ವಿಚಾರಿಸಲು ಈ ಪತ್ರ ಬರೆಯುತ್ತಿಲ್ಲ. ನೀನು ಕ್ಷೇಮವಾಗಿದ್ದೀಯೆಂದು ದಿನಾ ಬೆಳಿಗ್ಗೆ ನಮ್ಮ ಮನೆಯ ಫೋನೇ ಡಂಗುರ ಸಾರುತ್ತದೆ. ಚಹಾ ಕುಡಿಯುವ ಬಸವಲಿಂಗ. ಶಾಲು ಹೊದ್ದ ಬಸವಲಿಂಗ. ಬೆಕ್ಕಿನ ತಲೆ ಸವರುವ ಬಸವಲಿಂಗ. ಟಿವಿ ಧಾರಾವಾಹಿಯ ಗೌಡ, ಪುಸ್ತಕಗಳ ಲೇಖಕ, ಎರಡು ಲಕ್ಷ ಜನ ಹಿಂಬಾಲಿಸುವ ಮಹಾಪುರುಷ. ಧಾರಾವಾಹಿಯಲ್ಲಿ ನಿನ್ನ ಗೌಡನನ್ನು ಕಾಶಿಗೆ ಕಳಿಸಿದರಲ್ಲ, ಇನ್ನೂ ತಿರುಗಿ ಬಂದಿಲ್ಲ. ಅಲ್ಲಿಯೂ ನಿನ್ನನ್ನು ಹಿಂಬಾಲಿಸುವವರು ಸಿಕ್ಕಿರಬೇಕು.

ನಾನು ಹೊಳಬಸಪ್ಪ. ನೆನಪಿರಲಿಕ್ಕಿಲ್ಲ, ಹೇಳುತ್ತೇನೆ. ನಿನ್ನ ಅಪ್ಪ ನಿನ್ನನ್ನು ನಮ್ಮಪ್ಪನ ನಾಟಕ ಕಂಪನಿಯ ಡೇರೆಯಲ್ಲಿ ಬಿಟ್ಟು ಹೋದಾಗ ನಿನ್ನ ಜೊತೆ ಒಂದೇ ಕೌದಿಯಲ್ಲಿ ಮಲಗಿದವನು. ಈಗ ಕೊಂಢವಾದಲ್ಲಿ ಗೋಡೆಯ ಬಣ್ಣ ಮಾರುತ್ತೇನೆ. ನನ್ನ ತಾಯಿ ಶಿವಬಸವ್ವ, ನೀನೂ ಅವ್ವ ಎಂದೇ ಕರೆದವಳು, ಕಂಪನಿಯ ಅಷ್ಟೂ ನಾಟಕಗಳನ್ನು ಬಾಯಿಪಾಠ ಮಾಡಿಕೊಂಡು ಸೈಡ್ ವಿಂಗಿನಲ್ಲಿ ನಿಂತು ಮಾತು ಎತ್ತಿ ಕೊಡುತ್ತಿದ್ದವಳು. ರಂಗದ ಮೇಲೆ ನಿನ್ನ ನಾಲಿಗೆ ತಡವರಿಸಿದರೆ ನೀನು ಬೆತ್ತದಿಂದ ಹಲಗೆಯನ್ನು ಎರಡು ಸಲ ಕುಟ್ಟುತ್ತಿದ್ದೆ. ಟಕ್, ಟಕ್. ಮರುಕ್ಷಣ ಅವಳ ಪಿಸುಮಾತು ಬರುತ್ತಿತ್ತು. ಮುಂದೆ ಕೂತ ಜನ ಆ ಕುಟ್ಟುವಿಕೆಯನ್ನು ರಾಜಗಾಂಭೀರ್ಯ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಈಗ ನಿನ್ನ ಅಪರಾಧ ಕೇಳು. ಕಳೆದ ಗುರುವಾರ ನಿನ್ನ ಪುಟದಲ್ಲಿ ಒಂದು ಫೋಟೋ ಬಂತು. ಸ್ವಾರಗೇಟ್ ಬಸ್ ನಿಲ್ದಾಣದ ಎದುರು ನೀನು, ಕೈಯಲ್ಲಿ ವಡಾಪಾವ್, ಕೆಳಗೆ ಬರಹ: ‘ಇಂದು ಪುಣೆಯಲ್ಲಿ. ಈ ಊರಿನ ಕನ್ನಡಿಗರ ಪ್ರೀತಿ ದೊಡ್ಡದು.’

ಸೊಸೆ ನೀತಾ ಓಡಿ ಬಂದಳು. “ಮಾವಾರ, ಬಸವಲಿಂಗ ಕಾಕಾರು ಪುಣೇಕ್ಕ ಬಂದಾರ್ರಿ.” ಮನೆಯಲ್ಲಿ ನಿನಗೆಂದು ಸಿಹಿ ಮಾದಲಿ ಮಾಡಿದರು. ನಾನು ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಬಾಗಿಲಿಗೆ ಮುಖ ಮಾಡಿ ಕೂತೆ. ನಿನ್ನನ್ನು ಬೈಯಲು ಸಿದ್ಧನಾಗಿ ಕೂತೆ. ಆದರೂ ಕೂತೆ. ನೀನು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಎಂದಿನ ಸಂದೇಶ ಬಂತು: ‘ಕರೆ ಬೇಡ, ಪತ್ರ ಬರೆಯಿರಿ.’ ಯಾವ ಚಕ್ರವರ್ತಿಗೂ ಇಷ್ಟು ಸೊಕ್ಕು ಇದ್ದದ್ದನ್ನು ನಾನು ನಾಟಕದಲ್ಲಿಯೂ ಕಂಡಿಲ್ಲ.

ನಾವು ಹೀಗೆ ಫೋನಿನಲ್ಲಿ ಮುಖ ಹುದುಗಿಸಿದ್ದಾಗ ಅವ್ವ ಮನೆಯಿಂದ ಹೊರಬಿದ್ದಳು. ಎಂಬತ್ತೈದರ ಮುದುಕಿ ಒಬ್ಬಳೇ ರಿಕ್ಷಾ ಹಿಡಿದು, “ಸ್ವಾರಗೇಟ್ ಚಲಾ, ದಾದಾ” ಎಂದು ನಿನ್ನನ್ನು ಕರೆತರಲು ಹೊರಟಳು. ಅಲ್ಲಿ ಬಸ್ಸುಗಳ ನಡುವೆ ಮೆಟ್ಟಿಲು ಜಾರಿ ಬಿದ್ದು ಎಡಗೈ ಮುರಿದುಕೊಂಡಳು. ಯಾರೋ ಪುಣ್ಯವಂತರು ನನಗೆ ಫೋನ್ ಮಾಡಿದರು. ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಚೀಲ. ಚೀಲದಲ್ಲಿ ಎರಡು ಸೀರೆ, ಒಂದು ಅರಿವೆಯ ಗಂಟಿನಲ್ಲಿ ಜ್ಯೇಷ್ಠಮಧು, ಕಲ್ಲುಸಕ್ಕರೆ. ಎರಡು ಸೀರೆ ಯಾಕವ್ವಾ ಎಂದರೆ ಬಾಯಿ ಬಿಡಲಿಲ್ಲ. ನಿನ್ನ ಜೊತೆ ಫೋಟೋಕ್ಕೆ ನಿಲ್ಲುವಾಗ ಯಾವುದು ಒಪ್ಪುತ್ತದೋ ನೋಡಲು ತಂದಿರಬೇಕು ಎಂದಳು ನೀತಾ. ಜ್ಯೇಷ್ಠಮಧುವಿನ ಅರ್ಥ ನನಗೇ ಆಯಿತು. ಅವಳ ಪಾಲಿಗೆ ನೀನು ಇನ್ನೂ ಬಾಲರಾಜನ ಪಾತ್ರ ಮಾಡಿ, ಗಂಟಲು ಕಟ್ಟಿಕೊಂಡು ಅಳುವ ಹುಡುಗನೇ.

ಅವ್ವನ ಕೈಗೆ ಪ್ಲಾಸ್ಟರ್ ಬಿದ್ದಿದೆ. ಬಾಯಲ್ಲಿ ನಿನ್ನ ಹೆಸರಿದೆ. ಬಂದು ಒಂದು ಸಲ ಮುಖ ತೋರಿಸು. ಅವಳಿಗೆ ಬೇಕಾದದ್ದು ಅದೊಂದೇ. ನನಗೆ ನಿನ್ನ ಮುಖ ಬೇಡ, ದಿನಾ ಬೇಡವೆಂದರೂ ಕಾಣುತ್ತದೆ.

ಹೊಳಬಸಪ್ಪ


ಗದಗ
೧೧ ಫೆಬ್ರವರಿ ೨೦೨೫

ಹೊಳಬಸಪ್ಪ,

ಪತ್ರ ತಲುಪಿತು. ನಿನ್ನ ಅಕ್ಷರ ಈಗಲೂ ಗೋಡೆಗೆ ಬಳಿದ ಹಾಗೇ ಇದೆ.

ಅವ್ವನ ಕೈಯ ಸಂಗತಿ ಎರಡು ಸಾಲಿನಲ್ಲಿ ಮುಗಿಸಿ, ನನ್ನ ಮೇಲಿನ ಬೈಗುಳಕ್ಕೆ ಹಾಳೆ ತುಂಬಿಸಿದ್ದೀಯ. ಮುರಿದದ್ದು ಮಣಿಕಟ್ಟೋ ಮೊಣಕೈಯೋ? ಯಾವ ಡಾಕ್ಟರು ನೋಡಿದರು? ತಲೆ ಬಾಚುವವರು ಯಾರು? ಅದನ್ನು ಮೊದಲು ಬರೆ. ಉಳಿದದ್ದನ್ನು ಆಮೇಲೆ ಬೈಯಬಹುದು, ನಿನಗೆ ಅಂಗಡಿಯಲ್ಲಿ ಬೇರೆ ಕೆಲಸವೇನೂ ಇದ್ದಂತಿಲ್ಲ.

ಅವಳು ಸ್ವಾರಗೇಟಿಗೆ ಹೋಗಲಿ ಎಂದು ನಾನು ಫೋಟೋ ಹಾಕಲಿಲ್ಲ. ಬರಲು ನನಗೆ ಆಗುವುದಿಲ್ಲ. ಕೆಲಸವಿದೆ. ಕಲಾವಿದನ ಕೆಲಸ ಬಣ್ಣದ ಡಬ್ಬಿ ಅಲ್ಲಾಡಿಸಿ ಕೊಟ್ಟ ಹಾಗಲ್ಲ, ನಿನಗೆ ತಿಳಿಯದು.

ಇನ್ನು ನನ್ನ ಪುಟದ ಮೇಲೆ ನಿನಗೆ ಇಷ್ಟು ಉರಿ ಯಾಕೆ? ಬೆಕ್ಕಿನ ಮಾತು ಎತ್ತಿದ್ದೀಯ. ಬೆಕ್ಕಿನ ಫೋಟೋ ಹಾಕಿದ್ದು ದೀಪಾವಳಿಯ ಹೊತ್ತಿಗೆ. ಅಂದರೆ ನೀನು ಒಂದೂ ಬಿಡದೆ ನೋಡುತ್ತೀಯ, ಲೈಕ್ ಮಾತ್ರ ಒತ್ತುವುದಿಲ್ಲ. ಟಿಕೆಟ್ ತೆಗೆಯದೆ ಡೇರೆಯ ಹರುಕಿನಿಂದ ಇಣುಕುವವರನ್ನು ನಿಮ್ಮಪ್ಪ ಏನೆಂದು ಕರೆಯುತ್ತಿದ್ದರು, ನೆನಪಿದೆ ತಾನೆ?

ಅವ್ವ ದಿನಾ ನನ್ನ ಬರಹದ ಕೆಳಗೆ ಒಂದು ದೀಪದ ಚಿತ್ರ ಇಡುತ್ತಾಳೆ. ಅದನ್ನು ಊದಿ ಆರಿಸಲು ನೀನು ಯಾರು?

ಫೋನ್ ಮಾಡಬೇಡ. ಬರೆ.

ಬಸವಲಿಂಗ


ಕೊಂಢವಾ, ಪುಣೆ
೧೭ ಫೆಬ್ರವರಿ ೨೦೨೫

ಬಸವಲಿಂಗ,

ಮುರಿದದ್ದು ಮಣಿಕಟ್ಟು. ತಲೆ ಬಾಚುವವಳು ನೀತಾ. ನಿನ್ನ ವಿಚಾರಣೆ ಮುಗಿಯಿತು, ಈಗ ನನ್ನದು ಕೇಳು.

ಹಿಂಬಾಲಿಸುವುದರಿಂದ ಯಾರಿಗೆ ಏನು ಬಂತು? ಸೊಸೆ ಒಬ್ಬ ಲೇಖಕಿಯನ್ನು ಹಿಂಬಾಲಿಸುತ್ತಾಳೆ. ಆ ಮಹಾತಾಯಿ ಮೌನದ ಮಹತ್ವವನ್ನು ದಿನಕ್ಕೆ ಹತ್ತು ಸಲ ಬರೆಯುತ್ತಾಳೆ. ಆಕೆಯ ಒಂದೇ ಒಂದು ಪುಸ್ತಕ ನಮ್ಮ ಮನೆಯಲ್ಲಿಲ್ಲ. ಯಾಕೆ ತರಲಿಲ್ಲ ಎಂದು ಕೇಳಿದೆ. “ದಿನಾ ಓದತೀನಲ್ರಿ ಮಾವಾರ, ಮತ್ತ ಪುಸ್ತಕ ಯಾಕ?” ಎಂದಳು. ನೋಡು, ನಿಮ್ಮನ್ನು ಓದುವವರ ಹಸಿವನ್ನು ನೀವೇ ಚುರುಮುರಿ ತಿನ್ನಿಸಿ ಕೊಂದಿದ್ದೀರಿ.

ನಮ್ಮಪ್ಪನ ಕಟ್ಟಳೆ ಮರೆತೆಯಾ? ಬಣ್ಣ ಹಚ್ಚುವವನು ಹಗಲು ಹೊತ್ತು ಪೇಟೆಯಲ್ಲಿ ಕಾಣಬಾರದು. ರಾಜನಾಗುವವನು ಬದನೆಕಾಯಿಗೆ ಚೌಕಾಸಿ ಮಾಡುವುದನ್ನು ಊರು ಕಂಡರೆ, ಆ ಊರು ಅವನ ಸಿಂಹಾಸನವನ್ನು ನಂಬುವುದಿಲ್ಲ. ಅದಕ್ಕೇ ನಮಗೆಲ್ಲ ಹಗಲು ಡೇರೆಯ ಒಳಗೇ ಸೆರೆವಾಸ. ಪರದೆ ಮೇಲೇಳುವ ತನಕ ಯಾರಿಗೂ ದರ್ಶನವಿಲ್ಲ. ಜನ ಬರುತ್ತಿದ್ದರು, ನೋಡುತ್ತಿದ್ದರು, ಅಳುತ್ತಿದ್ದರು, ಮನೆಗೆ ಹೋಗಿ ಮರುದಿನ ತಮ್ಮ ಬದುಕು ನೋಡಿಕೊಳ್ಳುತ್ತಿದ್ದರು. ನೀನು ಈಗ ಬೆಳಗಿನಿಂದ ಬೈಗಿನ ತನಕ ಪೇಟೆಯ ನಡುವೆ ಬನಿಯನ್ನಿನಲ್ಲಿ ನಿಂತಿರುವ ರಾಜ. ಅವ್ವ ಮುಖ ತೊಳೆಯುವ ಮೊದಲು ನಿನ್ನನ್ನು ನೋಡುತ್ತಾಳೆ. ಕನ್ನಡಕ ಹಾಕಿಕೊಂಡು, ಫೋನನ್ನು ಮೂಗಿಗೆ ತಾಗಿಸಿಕೊಂಡು, ಒಂದು ಫೋಟೋವನ್ನು ಎಷ್ಟು ಹೊತ್ತು ನೋಡುತ್ತಾಳೆಂದರೆ ಚಹಾ ಆರಿ ಹೋಗುತ್ತದೆ. ಆ ಕಣ್ಣು ನನ್ನ ಕಡೆ ಒಂದು ಸಲ ತಿರುಗಿದ್ದರೆ ಸಾಕಿತ್ತು.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಕೇಳಿ, “ದನಿ ಹೆಂಗದ ಅಂವಂದು?” ಎಂದಳು. ಪತ್ರದೊಳಗ ದನಿ ಎಲ್ಲಿರತದವ್ವಾ ಎಂದೆ. ಅವಳಿಗೂ ವಯಸ್ಸಾಯಿತು.

ಈಗ ಕೊನೆಯ ಬಾಣ. ಆ ಫೋಟೋದಲ್ಲಿ ನಿನ್ನ ಬೆನ್ನ ಹಿಂದೆ ಒಂದು ಹಳದಿ ಬೋರ್ಡು ಕಾಣುತ್ತದೆ. ಅದಕ್ಕೆ ಬಣ್ಣ ಕೊಟ್ಟವನು ನಾನು. ವರ್ಷಗಳ ಹಿಂದೆ ಮೆಟ್ರೋಕ್ಕೆಂದು ನೆಲ ಅಗೆದಾಗಲೇ ಅದನ್ನು ಕಿತ್ತು ಹಾಕಿದರು. ನಿನ್ನೆ ಫೋಟೋವನ್ನು ಹಿಗ್ಗಿಸಿ ನೋಡಿದಾಗ ತಿಳಿಯಿತು, ನೀನು ಪುಣೆಗೆ ಬಂದೇ ಇಲ್ಲ. ಬಂದು ಮನೆಗೆ ಬಾರದವನನ್ನು ಸೊಕ್ಕಿನವ ಎಂದು ಬೈದಿದ್ದೆ. ಆ ಮಾತು ವಾಪಸು. ನೀನು ಬರೀ ಸುಳ್ಳ. ಒಂದು ಸುಳ್ಳು ಫೋಟೋಕ್ಕೆ ನನ್ನ ಅವ್ವ ಕೈ ಮುರಿದುಕೊಂಡಳು.

ಹೊಳಬಸಪ್ಪ


ಗದಗ
೨೪ ಫೆಬ್ರವರಿ ೨೦೨೫

ಹೊಳಬಸಪ್ಪ,

ಹೌದು, ಫೋಟೋ ಹಳೆಯದು. ನನ್ನ ಬಳಿ ಅಂಥವು ಪೆಟ್ಟಿಗೆ ತುಂಬ ಇವೆ. ಒಂದೊಂದೇ ತೆಗೆದು ಹಾಕುತ್ತೇನೆ. ಕೆಳಗೆ ‘ಇಂದು’ ಎಂದು ಬರೆಯುತ್ತೇನೆ.

ಇದನ್ನು ನನಗೆ ಕಲಿಸಿದವರು ಯಾರು? ನಿಮ್ಮಪ್ಪನ ಹ್ಯಾಂಡ್‌ಬಿಲ್ಲಿನಲ್ಲಿ ಎಂದಾದರೂ ತಾರೀಖು ಕಂಡಿದ್ದೀಯಾ? ‘ಇಂದು ರಾತ್ರಿ.’ ಅಷ್ಟೇ. ಒಂದೇ ಕಟ್ಟು ಊರಿಂದ ಊರಿಗೆ ಸಾಗುತ್ತಿತ್ತು. ನಿಮ್ಮಪ್ಪ ಜ್ವರದಿಂದ ಏಳಲಾರದೆ ಮಲಗಿದಾಗಲೂ ನಾವಿಬ್ಬರೂ ಹೋಗಿ ಅದನ್ನೇ ಗೋಡೆಗಳಿಗೆ ಅಂಟಿಸಿದೆವು. ಅಂಟಿನ ಬಕೆಟ್ಟು ನಿನ್ನ ಕೈಯಲ್ಲಿತ್ತು. ಆಟ ನಿಂತಿದೆ ಎಂದು ಊರಿಗೆ ಗೊತ್ತಾದರೆ ಡೇರೆ ಕೀಳಬೇಕಾಗುತ್ತದೆ ಎಂದವಳು ಅವ್ವನೇ. ಆಗ ಅದು ವ್ಯವಹಾರ, ನಾನು ಮಾಡಿದರೆ ಸುಳ್ಳೋ?

ಹಿಂಬಾಲಿಸುವವರ ಮೇಲೆ ನಿನಗೆ ತಾತ್ಸಾರ. ಒಬ್ಬ ನರ್ಸ್ ಇದ್ದಾಳೆ, ಹೆಸರು ಇಂಪನಾ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ಕಂಪನಿಯ ಕಥೆ ಓದಿ ನಗುತ್ತಾಳಂತೆ. ಅವಳನ್ನು ನಾನು ಕಂಡಿಲ್ಲ. ನನಗೂ ಅವಳಿಗೂ ಸಂಬಂಧವೇ ಇಲ್ಲ ಎನ್ನುತ್ತೀಯ. ಇರಬಹುದು. ಆದರೆ ಬೆಳಿಗ್ಗೆ ಎದ್ದಾಗ ಎದುರಿಗೆ ಯಾರೋ ಕೂತಿದ್ದಾರೆ ಎನ್ನಿಸಿದರೆ ನಾನು ಎದ್ದು ಅಂಗಿ ತೊಡುತ್ತೇನೆ. ಇಲ್ಲದಿದ್ದರೆ ಯಾರಿಗೆಂದು ತೊಡಲಿ?

ಇದಕ್ಕಿಂತ ಹೆಚ್ಚು ಕೇಳಬೇಡ. ನಿನಗೆ ಹೇಳುವ ಅಗತ್ಯ ನನಗಿಲ್ಲ. ನೀನು ನಾಟಕ ಬಿಟ್ಟು ಓಡಿದವನು.

ಬಸವಲಿಂಗ


ಕೊಂಢವಾ, ಪುಣೆ
೧ ಮಾರ್ಚ್ ೨೦೨೫

ಬಸವಲಿಂಗ,

ನಮ್ಮಪ್ಪನ ಹ್ಯಾಂಡ್‌ಬಿಲ್ಲನ್ನು ನಿನ್ನ ವಡಾಪಾವಿಗೆ ಕಟ್ಟಬೇಡ. ನಾನು ಓಡಲಿಲ್ಲ. ಕಂಪನಿ ಮುಳುಗಿದಾಗ ಅವ್ವನ ಹೊಟ್ಟೆಗೆ ಅನ್ನ ಹಾಕಲು ಪುಣೆಯ ಬಸ್ ಹತ್ತಿದೆ. ನೀನು ಗದಗದಲ್ಲಿ ಉಳಿದು ಕಲಾವಿದನಾದೆ, ನಾನು ಇಲ್ಲಿ ಮಗನಾದೆ.

ಯುಗಾದಿಯೊಳಗೆ ಬಂದು ಅವ್ವನ ಎದುರು ನಿಲ್ಲು. ಇಲ್ಲವಾದರೆ ಆ ಫೋಟೋದ ಕೆಳಗೆ, ನಿನ್ನ ಎರಡು ಲಕ್ಷ ಪ್ರಜೆಗಳ ಮುಂದೆ ಬರೆಯುತ್ತೇನೆ: ಇದು ಹಳೆಯ ಚಿತ್ರ, ಈ ಮನುಷ್ಯ ಸುಳ್ಳ, ಇವನನ್ನು ನಂಬಿ ಒಬ್ಬ ಮುದುಕಿ ಕೈ ಮುರಿದುಕೊಂಡಿದ್ದಾಳೆ. ನಿನ್ನ ನರ್ಸ್ ಅದನ್ನೂ ಓದಿ ನಗಲಿ.

ಇದನ್ನು ಬರೆಯುವಾಗ ಅವ್ವ ಕೇಳಿಸಿಕೊಂಡಳು. ನಾನು ಬರೆಯುತ್ತ ಜೋರಾಗಿ ಓದುತ್ತೇನೆ, ನಿನಗೆ ಗೊತ್ತು. “ಹಂಗ ಬರೀಬ್ಯಾಡ. ಅಂವಂಗ ಫೋನ್ ಹಚ್ಚಿಕೊಡು” ಎಂದಳು. ಅಂವ ಎತ್ತೂದಿಲ್ಲ, ದೊಡ್ಡ ಮನುಷ್ಯ ಅದಾನ ಎಂದೆ. “ಎತ್ತೂದಿಲ್ಲ ಅಂತನ ಹಚ್ಚು ಅನ್ನಾಕತ್ತೀನಿ” ಎಂದಳು. ನಾನು ಹಚ್ಚಲಿಲ್ಲ.

ಹೊಳಬಸಪ್ಪ


ಕೊಂಢವಾ, ಪುಣೆ
೨೦ ಮಾರ್ಚ್ ೨೦೨೫

ಬಸವಲಿಂಗ,

ನೀನು ಉತ್ತರ ಬರೆಯಲಿಲ್ಲ. ಆದ್ದರಿಂದ ನಿನ್ನೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ನೀತಾಳ ಫೋನ್ ಹಿಡಿದು, ಹೇಳಿದ್ದನ್ನೆಲ್ಲ ಆ ಫೋಟೋದ ಕೆಳಗೆ ಬರೆದೆ. ಒತ್ತುವುದೊಂದು ಬಾಕಿ. ಒತ್ತುವ ಮೊದಲು ನೀನು ಅಂಗಲಾಚುವುದನ್ನು ಕೇಳಬೇಕೆನ್ನಿಸಿತು. ಅದೇ ಫೋನಿನಿಂದ ನಿನಗೆ ಹಚ್ಚಿದೆ. ಅದರಿಂದಲೇ ಅವ್ವ ನಿನಗೆ ದೀಪ ಇಡುತ್ತಿದ್ದಳು. ಅವಳೆಂದುಕೊಂಡು ಎತ್ತಿದೆಯೋ ಏನೋ, ಎತ್ತಿದೆ.

ಆಮೇಲೆ ನಡೆದದ್ದು ನಿನಗೆ ಅರ್ಧ ಗೊತ್ತು. ನಾನು ಬೈದೆ. ನಮ್ಮಪ್ಪ ಮೂರನೇ ಅಂಕದಲ್ಲಿ ಸಾಮಂತರನ್ನು ಬೈಯುತ್ತಿದ್ದ ಗತ್ತಿನಲ್ಲಿ ಬೈದೆ. ಕೆಳಗಿನ ಮನೆಯ ಮರಾಠಿ ಹೆಂಗಸು ಬಾಲ್ಕನಿಗೆ ಬಂದು “ಕಾಯ್ ಝಾಲಂ?”, ಏನಾಯಿತು ಎಂದು ಕೇಳುವ ತನಕ ಬೈದೆ. ನಿನ್ನಿಂದ ಒಂದು ಅಕ್ಷರ ಬರಲಿಲ್ಲ. ಉಸಿರು ಮಾತ್ರ ಇತ್ತು. ಕೊನೆಗೆ ಕೇಳಿಸಿತು: ಟಕ್, ಟಕ್.

ನನಗೆ ತಿಳಿಯಲಿಲ್ಲ. ಕಂಪನಿಯ ಮಾಲೀಕನ ಮಗ, ಆ ಸದ್ದಿನಲ್ಲೇ ಬೆಳೆದವನು, ನನಗೆ ತಿಳಿಯಲಿಲ್ಲ. ಫೋನ್ ಇಡಲು ಹೊರಟಿದ್ದೆ. ಮಂಚದ ಮೇಲಿಂದ ಅವ್ವ ಕೈ ಚಾಚಿದಳು.

“ಫೋನ್ ಇತ್ತ ಕೊಡು.”

“ಮಾತಾಡವೊಲ್ಲ ಅವ್ವಾ. ಏನೋ ಕುಟ್ಟಾಕತ್ತಾನ.”

“ಗೊತ್ತದ. ಕೊಡು.”

ಫೋನನ್ನು ಕಿವಿಗೆ ಹಚ್ಚಿಕೊಂಡು ಅವಳು ದನಿ ತಗ್ಗಿಸಿದಳು. ಸೈಡ್ ವಿಂಗಿನ ಆ ಪಿಸುದನಿ. ನಾಲ್ವತ್ತು ವರ್ಷದಿಂದ ನಾನು ಅದನ್ನು ಕೇಳಿರಲಿಲ್ಲ. “ಕಿರೀಟ...” ಎಂದಳು. ಕಾದಳು. ಟಕ್, ಟಕ್. “ಕಿರೀಟ ನೆಲಕ್ಕೆ ಬಿದ್ದರೂ...” ಮತ್ತೆ ಟಕ್, ಟಕ್. “ಕಿರೀಟ ನೆಲಕ್ಕೆ ಬಿದ್ದರೂ ತಲೆ ನೆಟ್ಟಗಿದೆ, ಮಂತ್ರಿಗಳೇ.” ನಿನ್ನ ಬಾಲರಾಜನ ಮಾತು. ಪೂರ್ತಿ ಹೇಳಿ ಮುಗಿಸಿದಳು. ಅಷ್ಟು ದಿನ ನಿನ್ನ ಬಾಯಿಗೆ ಎತ್ತಿಕೊಟ್ಟವಳು, ಈ ಸಲ ನಿನ್ನ ಬದಲಿಗೆ ತಾನೇ ಆಡಿದಳು.

ಆಮೇಲೆ ಕೇಳಿದಳು, ನಾನು ಕೂತು ಕೇಳಿದೆ. “ಹೌದಂದ್ರ ಒಮ್ಮೆ ಕುಟ್ಟು, ಅಲ್ಲಂದ್ರ ಎರಡ ಸಲ. ಗಂಟಲೇನೋ, ಮಗನ?” ಟಕ್. “ಕೊಯ್ದಾರೇನು?” ಟಕ್. “ದನಿ ತಿರುಗಿ ಬರತದಂತೇನು?” ಟಕ್, ಟಕ್. “ಹೊತ್ತಿಗೆ ಸರಿಯಾಗಿ ಉಣ್ಣತೀಯೇನು?” ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಟಕ್.

“ಸುಳ್ಳ ಕುಟ್ಟಬ್ಯಾಡ” ಎಂದಳು.

ಫೋನ್ ಇಟ್ಟ ಮೇಲೆ ನನ್ನ ಸರದಿ. “ಅವತ್ತ ನಾ ಅಂವನ್ನ ಕರ್ಯಾಕ ಹೋಗಿದ್ದಿಲ್ಲೋ, ಮಬ್ಬ. ಗದಗಿನ ಬಸ್ ಹತ್ತಾಕ ಹೋಗಿದ್ದೆ.” ಎರಡು ಸೀರೆ. ಜ್ಯೇಷ್ಠಮಧು. ದಕ್ಷಿಣದ ಬಸ್ಸುಗಳು ಹೊರಡುವ ಜಾಗದಲ್ಲಿ ಬಿದ್ದಿದ್ದಾಳೆ, ನಾನು ನಿನ್ನನ್ನು ಬೈಯುತ್ತಿದ್ದೆ.

“ನಿನಗ ಹೆಂಗ ಗೊತ್ತಾತು?”

“ಭಾಳ ದಿನಾ ಆತು, ಅಂವ ಬಾಯಿ ತೆರೆದದ್ದು ಕಂಡಿಲ್ಲ. ಮೊದಲ ಹಾಡ ಹಾಕತಿದ್ದ, ಮಾತ ಹಾಕತಿದ್ದ. ಆಮ್ಯಾಲ ಬರೇ ಫೋಟೋ. ಆ ಬಾಯಿ ನಿದ್ದ್ಯಾಗೂ ಸುಮ್ಮನಿದ್ದದ್ದಲ್ಲ. ಅವತ್ತ ನೀ ಬಣ್ಣ ಕೊಟ್ಟ ಆ ಹಳದಿ ಬೋರ್ಡ ಇದ್ದ ಹಳೇ ಫೋಟೋ ಹಾಕಿ ‘ಇಂದು’ ಅಂತ ಬರದಿದ್ದ. ಕಂಪನ್ಯಾಗ ನಾವು ಹಂಗ ಯಾವಾಗ ಅಂಟಸ್ತಿದ್ವಿ, ಹೇಳು? ಮುಖ್ಯ ಪಾತ್ರ ಮಲಗಿದಾಗ.”

“ನನಗ ಯಾಕ ಹೇಳಲಿಲ್ಲ?”

“ನೀ ಬೈಯೂದರಾಗ ಇದ್ದಿ. ನಡು ಮಾತಿನಾಗ ನಾ ಎಂದೂ ಬಾಯಿ ಹಾಕಾಕಿ ಅಲ್ಲ.”

ನಾನೂ ಆ ಫೋಟೋಗಳನ್ನೆಲ್ಲ ನೋಡಿದ್ದೆ, ಬಸವಲಿಂಗ. ನೀನು ಬರೆದದ್ದು ನಿಜ, ಒಂದೂ ಬಿಟ್ಟಿಲ್ಲ. ಕಂಡದ್ದು ಶಾಲು, ಬೆಕ್ಕು, ಚಹಾ. ಹಿಂಬಾಲಿಸಿದರೆ ಏನು ಬಂತು ಎಂದು ನಿನ್ನನ್ನು ಕೇಳಿದೆ. ನನಗೆ ಏನೂ ಬರಲಿಲ್ಲ. ನಾವೆಲ್ಲ ಮುಂದಿನ ಕುರ್ಚಿಯಲ್ಲಿ ಕೂತು ನೋಡಿದವರು, ಅವಳು ಬದಿಗೆ ನಿಂತು ನೋಡಿದಳು. ಅದಕ್ಕೂ ನನಗೆ ನಿನ್ನ ಮೇಲೆಯೇ ಸಿಟ್ಟು. ಗಂಟಲು ಹೋದದ್ದನ್ನು ನನಗೆ ಹೇಳದೆ, ಕೆಲಸವಿದೆ ಎಂದು ಬರೆದೆಯಲ್ಲ.

ಬರೆದದ್ದನ್ನು ಅಳಿಸಿದೆ. ಒತ್ತಲಿಲ್ಲ.

ಹೊಳಬಸಪ್ಪ


ಗದಗ
೨೪ ಮಾರ್ಚ್ ೨೦೨೫

ಹೊಳಬಸಪ್ಪ,

ಬೈಗುಳ ಪೂರ್ತಿ ಕೇಳಿದೆ. ನಡುವೆ ಎರಡು ಕಡೆ ಮಾತು ಬಿಟ್ಟೆ. ನಿಮ್ಮಪ್ಪನಾಗಿದ್ದರೆ ಮೊದಲಿಂದ ಹೇಳಿಸುತ್ತಿದ್ದರು.

ಗಂಟಲಲ್ಲಿ ಗಡ್ಡೆ ಇತ್ತು. ತೆಗೆದರು, ಅದರ ಜೊತೆ ದನಿಯನ್ನೂ ತೆಗೆದರು. ಜೀವ ಉಳಿಯಿತು ಎಂದರು ಡಾಕ್ಟರು. ನಿನಗೆ ಹೇಳಲಿಲ್ಲ, ಯಾಕೆಂದರೆ ನಿನ್ನ ಹಗೆ ನನಗೆ ರೂಢಿಯಾಗಿದೆ. ನಿನ್ನ ಕನಿಕರ ನನ್ನಿಂದ ತಡೆಯಲಾಗದು. ದಯವಿಟ್ಟು ಅದನ್ನು ಶುರು ಮಾಡಬೇಡ.

ಅವ್ವನನ್ನು ಕಳಿಸಬೇಡ. ದೂರದ ದಾರಿ, ಅದೂ ಆ ಕೈಯಲ್ಲಿ. ಈ ಮನೆಯಲ್ಲಿ ಮಾತಾಡುವವರಿಲ್ಲ, ಅವಳಿಗೆ ಹೊತ್ತು ಹೋಗುವುದಿಲ್ಲ.

ಅವಳು ಆ ಮಾತನ್ನು ಪೂರ್ತಿ ಹೇಳಿದಳು. ನನಗೆ ನಡುವಿನದು ನಿಜವಾಗಿಯೂ ಮರೆತಿತ್ತು.

ಬಸವಲಿಂಗ


ಕೊಂಢವಾ, ಪುಣೆ
೨೬ ಮಾರ್ಚ್ ೨೦೨೫

ಬಸವಲಿಂಗ,

ಕನಿಕರ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ, ನಿಶ್ಚಿಂತೆಯಿಂದಿರು.

ಅವ್ವ ಯಾರ ಮಾತೂ ಕೇಳುತ್ತಿಲ್ಲ. ಯುಗಾದಿಗೆ ಗದಗಿನಲ್ಲಿರುತ್ತಾಳೆ, ಅದಕ್ಕೇ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಸ್ವಾರಗೇಟಿನಿಂದ ಬಸ್, ಕಿಟಕಿಯ ಸೀಟು, ಅದೇ ಚೀಲ. ನೀತಾ ಮಾದಲಿ ಕಟ್ಟಿಕೊಡುತ್ತಾಳೆ. ಚೀಲ ಹೊರಲು ಒಬ್ಬರು ಬೇಕೆಂದು ನಾನೂ ಬರುತ್ತೇನೆ. ನಿನ್ನನ್ನು ನೋಡಲು ಅಲ್ಲ. ಅವಳು ಎಷ್ಟು ದಿನ ಇರುತ್ತಾಳೋ ಹೇಳಿಲ್ಲ, ಸೀರೆ ಈ ಸಲ ನಾಲ್ಕು ಇಟ್ಟುಕೊಂಡಿದ್ದಾಳೆ. ನಿಮ್ಮ ಮನೆಯಲ್ಲಿ ಮಾತಾಡುವವರಿಲ್ಲ ಎಂದು ಓದಿ ಹೇಳಿದೆ. “ಅಂವ ಕುಟ್ಟಲಿ, ನಾ ಮಾತಾಡತೀನಿ” ಎಂದಳು.

ಬಸ್ ನಿಲ್ದಾಣಕ್ಕೆ ಗಂಟಲು ಮರೆಸುವ ಆ ಶಾಲು ಹೊದ್ದುಕೊಂಡು ಬರಬೇಡ. ಅಂಗಿ ತೊಟ್ಟು ಬಾ.

ಅವಳು ಇಳಿಯುವಾಗ ಫೋಟೋ ತೆಗೆಯದೆ ನಿನ್ನ ಕೈ ಸುಮ್ಮನಿರದು ಎಂದು ನನಗೆ ಗೊತ್ತು. ತೆಗೆ. ನನ್ನನ್ನು ಅದರಲ್ಲಿ ಸೇರಿಸಬೇಡ. ಕೆಳಗೆ ತಾರೀಖು ಬೇಕಾಗಿಲ್ಲ. ‘ಇಂದು’ ಎಂದಷ್ಟೇ ಬರೆ.

ಹೊಳಬಸಪ್ಪ